ಹತ್ತನೇ ಕ್ಲಾಸಿನ ಗಣಿತ ಏಳನೇ ಕ್ಲಾಸಿನಲ್ಲೇ ಇದೆ

ಮಂಡ್ಯ, ಮೈಸೂರು ಕಡೆ ಏಪ್ರಿಲ್ ಬಂತು ಅಂದರೆ ಒಂದು ಹುಡುಕಾಟ ಶುರುವಾಗುತ್ತದೆ. ಮಗಳು ಈ ಸಲ ಎಸ್ಸೆಸ್ಸೆಲ್ಸಿ, ಗಣಿತಕ್ಕೆ ಒಳ್ಳೆ ಟ್ಯೂಷನ್ ಎಲ್ಲಿದೆ? ಹುಡುಕೋದು ತಪ್ಪಲ್ಲ. ಆದರೆ ಹತ್ತನೇ ಕ್ಲಾಸಿನಲ್ಲಿ ಗಣಿತ ಕೈಕೊಟ್ಟ ಮಕ್ಕಳ ಉತ್ತರ ಪತ್ರಿಕೆ ತೆಗೆದು ಒಂದೊಂದೇ ಹಂತ ನೋಡಿದರೆ ಬೇರೆ ಕಥೆ ಕಾಣುತ್ತದೆ. ವರ್ಗ ಸಮೀಕರಣದ ಲೆಕ್ಕ ತಪ್ಪಿರುತ್ತದೆ, ನಿಜ. ಸೂತ್ರ ಸರಿಯಾಗೇ ಬರೆದಿರುತ್ತಾರೆ. ಎಡವಿರೋದು ಮೈನಸ್ಸನ್ನು ಮೈನಸ್ಸಿನಿಂದ ಗುಣಿಸುವ ಜಾಗದಲ್ಲಿ. ಇಲ್ಲವೇ ಭಿನ್ನರಾಶಿ ಕೂಡುವ ಜಾಗದಲ್ಲಿ. ಅವೆರಡೂ ಹತ್ತನೇ ಕ್ಲಾಸಿನ ಪಾಠಗಳಲ್ಲ. ಆರು, ಏಳು, ಎಂಟರಲ್ಲಿ ಮುಗಿಸಿ ಬಂದವು.

ಐದನೇ ಕ್ಲಾಸಿನವರೆಗೆ ಗಣಿತ ಇಷ್ಟ ಅನ್ನುತ್ತಿದ್ದ ಮಗು ಏಳರಲ್ಲಿ ಮುಖ ಸಿಂಡರಿಸುವುದಕ್ಕೂ ಇದೇ ಕಾರಣ. ಅಲ್ಲಿಯವರೆಗೆ ಸಂಖ್ಯೆ ಅಂದರೆ ಎಣಿಕೆ. ಐದು ಹಸು, ಹನ್ನೆರಡು ತೆಂಗಿನಕಾಯಿ. ಕಣ್ಣಿಗೆ ಕಾಣುತ್ತವೆ, ಬೆರಳಿಗೆ ಸಿಗುತ್ತವೆ. ಆರನೇ ಕ್ಲಾಸಿಗೆ ಬಂದ ಮೇಲೆ ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆ ಬರುತ್ತದೆ. ಒಂದರ ಮೇಲೆ ಇನ್ನೊಂದು ಕೂತ ಸಂಖ್ಯೆ ಜಾಸ್ತಿಯಾಗುತ್ತದೆ. ಆಮೇಲೆ ಸಂಖ್ಯೆಯೇ ಮಾಯವಾಗಿ ಎಕ್ಸ್, ವೈ ಅನ್ನುವ ಅಕ್ಷರಗಳು ಬರುತ್ತವೆ. ಮೂರು ವರ್ಷದಲ್ಲಿ ಇಷ್ಟೆಲ್ಲ ಬದಲಾದರೆ ದೊಡ್ಡವರಿಗೂ ತಲೆ ಕೆಡುತ್ತದೆ. ಅರ್ಥವಾಗದ ಮಗು ಏನು ಮಾಡುತ್ತದೆ? ನಿಯಮ ಬಾಯಿಪಾಠ ಮಾಡಿಕೊಳ್ಳುತ್ತದೆ. ಘಟಕ ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ, ಅಂಕವೂ ಬರುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಈ ಮೂರು ವರ್ಷದಲ್ಲಿ ಮಾಡಬೇಕಾದ ಕೆಲಸ ಒಂದೇ. ನಾಲ್ಕೈದು ಗಂಟುಗಳಿವೆ, ಅವನ್ನು ನಿಧಾನವಾಗಿ ಬಿಡಿಸಬೇಕು. ಬಿಡಿಸೋಕೆ ಬೇಕಾದ ಸಾಮಾನು ನಮ್ಮ ಜಿಲ್ಲೆಗಳ ಮನೆಗಳಲ್ಲೇ ಬಿದ್ದಿದೆ.

ಹೂವಿನ ಅಂಗಡಿಯಲ್ಲಿ ಭಿನ್ನರಾಶಿ

ಭಿನ್ನರಾಶಿಯಿಂದ ಭಾಗಿಸುವಾಗ "ತಿರುಗಿಸಿ ಗುಣಿಸು" ಅನ್ನುತ್ತೇವೆ. ಯಾಕೆ ತಿರುಗಿಸಬೇಕು ಅಂತ ಕೇಳಿದರೆ ಎಷ್ಟೋ ಪದವೀಧರರೂ ಸುಮ್ಮನಾಗುತ್ತಾರೆ. ಮೈಸೂರಿನ ದೇವರಾಜ ಮಾರುಕಟ್ಟೆಗೆ ಬನ್ನಿ. ಹೂವನ್ನು ಮೊಳ, ಮಾರಿನ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಮಾರು ಅಂದರೆ ನಾಲ್ಕು ಮೊಳ. ಈಗ ನಿಮ್ಮ ಹತ್ತಿರ 3 ಮಾರು ಮಲ್ಲಿಗೆ ಇದೆ. ಒಬ್ಬೊಬ್ಬರಿಗೆ ಮುಕ್ಕಾಲು ಮಾರು ಕೊಡಬೇಕು. ಎಷ್ಟು ಜನಕ್ಕೆ ಬರುತ್ತದೆ?

ಮಗು ಪುಸ್ತಕ ಮುಟ್ಟದೆ ಲೆಕ್ಕ ಹಾಕಲಿ. 3 ಮಾರು ಅಂದರೆ 12 ಮೊಳ. ಮುಕ್ಕಾಲು ಮಾರು ಅಂದರೆ 3 ಮೊಳ. 12ನ್ನು 3ರಿಂದ ಭಾಗಿಸಿದರೆ 4 ಜನ. ಮುಗೀತು. ಈಗ ಅದೇ ಮಗುವಿಗೆ ಅದು ಮಾಡಿದ್ದನ್ನೇ ತೋರಿಸಿ. ಮೊದಲು 3ನ್ನು 4ರಿಂದ ಗುಣಿಸಿದೆ, ಮಾರನ್ನು ಮೊಳ ಮಾಡೋಕೆ. ಆಮೇಲೆ 3ರಿಂದ ಭಾಗಿಸಿದೆ, ಒಬ್ಬರಿಗೆ ಮೂರು ಮೊಳ ಅಂತ. ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸುವುದು ಅಂದರೆ 4/3ರಿಂದ ಗುಣಿಸುವುದೇ ಅಲ್ವಾ? 3/4 ತಿರುಗಿ 4/3 ಆಗಿದ್ದು ಹೀಗೆ. ಮೇಲೆ ಕೆಳಗೆ ಮಾಡಿದ್ದು ಮಂತ್ರವಲ್ಲ, ಮಾರು ಮೊಳವಾಗಿದ್ದು.

ಕೂಡುವ ಲೆಕ್ಕದಲ್ಲಿ ಇನ್ನೊಂದು ತಪ್ಪು ಬಹಳ ಸಾಮಾನ್ಯ. 1/2 + 1/3 ಎಷ್ಟು ಅಂದರೆ 2/5 ಅಂತ ಬರೆಯುತ್ತಾರೆ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ಇಲ್ಲಿ ಬೈಯುವುದಕ್ಕಿಂತ ಒಂದು ಪ್ರಶ್ನೆ ಕೇಳಿ: "2/5 ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ?" ಕಮ್ಮಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಹೇಗೆ ಬಂತು? ತಪ್ಪನ್ನು ಮಗುವೇ ಹಿಡಿಯುತ್ತದೆ. ಉತ್ತರ ಹೆಚ್ಚುಕಮ್ಮಿ ಎಷ್ಟಿರಬಹುದು ಅಂತ ಮೊದಲೇ ಅಂದಾಜು ಮಾಡುವ ಈ ಅಭ್ಯಾಸ ಏಳನೇ ಕ್ಲಾಸಿನಲ್ಲಿ ಬಂದರೆ ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಎಷ್ಟು ಅಂಕ ಉಳಿಯುತ್ತದೆ ಅಂತ ಹೇಳೋಕಾಗಲ್ಲ.

ಪಹಣಿಯ ಚುಕ್ಕಿ

ಮಂಡ್ಯದ ಮಕ್ಕಳಿಗೆ ದಶಮಾಂಶ ಕಲಿಸೋಕೆ ಪಹಣಿಗಿಂತ ಒಳ್ಳೆಯ ಕಾಗದ ನನಗೆ ಗೊತ್ತಿಲ್ಲ. ವಿಚಿತ್ರ ಅಂದರೆ ಪಹಣಿಯಲ್ಲಿರುವುದು ದಶಮಾಂಶವೇ ಅಲ್ಲ! ಅದಕ್ಕೇ ಅದು ಒಳ್ಳೆಯದು.

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಚುಕ್ಕಿ, ಗುಂಟೆ ಅಂತ ಬರೆಯುತ್ತಾರೆ. 1.20 ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ಒಂದು ಸರ್ವೆ ನಂಬರಿನಲ್ಲಿ 1.20 ಇದೆ, ಇನ್ನೊಂದರಲ್ಲಿ 0.30 ಇದೆ ಅಂದುಕೊಳ್ಳಿ. ಎರಡೂ ಸೇರಿ ಎಷ್ಟು? ಶಾಲೆಯಲ್ಲಿ ಕಲಿತ ಮಗು 1.50 ಅನ್ನುತ್ತದೆ. ಶಾಲೆಯ ಮೆಟ್ಟಿಲು ಹತ್ತದ ತಾತ "ಎರಡು ಎಕರೆ ಹತ್ತು ಗುಂಟೆ ಕಣ್ಲಾ" ಅನ್ನುತ್ತಾರೆ. ತಾತ ಹೇಳಿದ್ದೇ ಸರಿ. 20ಕ್ಕೆ 30 ಸೇರಿದರೆ 50 ಗುಂಟೆ. 40 ಗುಂಟೆಗೆ ಒಂದು ಎಕರೆ. ಉಳಿದದ್ದು 10.

ಈಗ ಮಗುವನ್ನು ಕೇಳಿ. ಪಹಣಿಯ 2.10 ಮತ್ತು ಗಣಿತ ಪುಸ್ತಕದ 2.10 ಎರಡೂ ಒಂದೇನಾ? ಅಲ್ಲ. ಪಹಣಿಯಲ್ಲಿ ಚುಕ್ಕಿಯ ಆಚೆ ಇರುವ 10 ನಲವತ್ತರಲ್ಲಿ ಹತ್ತು, ಅಂದರೆ ಕಾಲು ಎಕರೆ. ಗಣಿತದ ಭಾಷೆಯಲ್ಲಿ ಅದನ್ನು 2.25 ಎಕರೆ ಅಂತ ಬರೆಯಬೇಕು. ಪುಸ್ತಕದಲ್ಲಿ ಚುಕ್ಕಿ ದಾಟಿದ ಮೊದಲ ಅಂಕಿ ಹತ್ತನೇ ಒಂದು ಭಾಗದ ಲೆಕ್ಕ, ಎರಡನೆಯದು ನೂರನೇ ಒಂದು ಭಾಗದ್ದು. ಅಲ್ಲಿ ಹತ್ತು ತುಂಬಿದರೆ ಎಡಕ್ಕೆ ಒಂದು ಹೋಗುತ್ತದೆ. ಪಹಣಿಯಲ್ಲಿ ನಲವತ್ತು ತುಂಬಿದರೆ ಹೋಗುತ್ತದೆ. ಈ ವ್ಯತ್ಯಾಸ ಒಮ್ಮೆ ಹೊಳೆದರೆ ಸ್ಥಾನಬೆಲೆ ಅಂದರೇನು ಅಂತ ಮಗುವಿಗೆ ಮೊದಲ ಸಲ ನಿಜವಾಗಿ ಗೊತ್ತಾಗುತ್ತದೆ. 0.125ಕ್ಕಿಂತ 0.5 ದೊಡ್ಡದು ಅನ್ನುವುದಕ್ಕೆ ಆಮೇಲೆ ಬೇರೆ ಪಾಠ ಬೇಕಾಗಲ್ಲ.

ಒಂದು ಗುಂಟೆ ಎಷ್ಟು ದಶಮಾಂಶ ಎಕರೆ ಅಂತ ಕೇಳಿ ಬಿಟ್ಟುಬಿಡಿ. 0.025. ಉತ್ತರ ಬರೋಕೆ ಎರಡು ದಿನ ಹಿಡಿದರೂ ಪರವಾಗಿಲ್ಲ.

ಗುಂಟೆಯ ವಿಷಯ ಬಂದಮೇಲೆ ಬೀಜಗಣಿತದ ಒಂದು ದೊಡ್ಡ ಗಂಟನ್ನೂ ಇಲ್ಲೇ ಬಿಡಿಸಿಬಿಡೋಣ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 1,089 ಚದರ ಅಡಿ. ಈ ಚೌಕವನ್ನು ಕಾಗದದ ಮೇಲೆ ಬರೆದು ಪ್ರತಿ ಬದಿಯನ್ನೂ 30 ಮತ್ತು 3 ಅಂತ ಎರಡು ತುಂಡು ಮಾಡಿ ಗೆರೆ ಎಳೆಯಿರಿ. ಒಳಗೆ ನಾಲ್ಕು ತುಂಡು ಭೂಮಿ ಕಾಣುತ್ತದೆ. 30ಕ್ಕೆ 30ರ ದೊಡ್ಡ ಚೌಕ, 900. 3ಕ್ಕೆ 3ರ ಪುಟ್ಟ ಚೌಕ, 9. ಎರಡು ಉದ್ದನೆಯ ಪಟ್ಟಿಗಳು, ತಲಾ 90. ಕೂಡಿದರೆ 1,089.

ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂದರೆ ಇಷ್ಟೇ. ಎರಡು ಸಂಖ್ಯೆ ಕೂಡಿ ವರ್ಗ ಮಾಡುವಾಗ ಬರೀ ಎರಡರ ವರ್ಗ ಬರೆದು ಕೈತೊಳೆದುಕೊಳ್ಳುವ ಮಕ್ಕಳು ಎಂಟನೇ ಕ್ಲಾಸಿನಲ್ಲಿ ಹೇರಳ. ಅವರಿಗೆ ಈ ಚಿತ್ರದಲ್ಲಿ 909 ಬರುತ್ತದೆ. "ಮಿಕ್ಕ 180 ಚದರ ಅಡಿ ಯಾರು ಒತ್ತುವರಿ ಮಾಡ್ಕೊಂಡ್ರು?" ಅಂತ ಕೇಳಿ. ಬದುವಿನ ಜಗಳ ನೋಡಿ ಬೆಳೆದ ಮಗು ಆ ಎರಡು ಪಟ್ಟಿಯನ್ನು ಮತ್ತೆ ಮರೆಯುವುದಿಲ್ಲ. ಮುಂದೆ ವರ್ಗ ಸಮೀಕರಣದಲ್ಲಿ ಮಧ್ಯದ ಪದ ಒಡೆಯುವುದು ಅಂತ ಬರುತ್ತದಲ್ಲ, ಅಲ್ಲಿ ಒಡೆಯುವುದು ಈ ಪಟ್ಟಿಗಳನ್ನೇ.

ಪಟ್ಟಣದವರಿಗೆ ಗುಂಟೆ ದೂರ ಅನ್ನಿಸಿದರೆ ಸೈಟು ಇದ್ದೇ ಇದೆ. ಥರ್ಟಿ ಫಾರ್ಟಿ ಸೈಟಿನ ಎರಡೂ ಅಳತೆ ದುಪ್ಪಟ್ಟು ಮಾಡಿದರೆ ಅರವತ್ತು ಎಂಬತ್ತು. ಜಾಗ ಎಷ್ಟು ಪಟ್ಟು? ಎರಡು ಅನ್ನುವವರೇ ಜಾಸ್ತಿ. ನಾಲ್ಕು ಪಟ್ಟು. ಬೇಲಿ ಮಾತ್ರ ಎರಡು ಪಟ್ಟು.

ಕಟ್ಟೆಯ ನೀರು, ಕಬ್ಬಿನ ದರ

ಋಣ ಸಂಖ್ಯೆಗಳಲ್ಲಿ ಕೂಡುವುದು ಕಳೆಯುವುದು ಹೇಗೋ ಆಗುತ್ತದೆ. ಅಂಗಡಿ ಸಾಲದ ಉದಾಹರಣೆ ಸಾಕು. ಮೈನಸ್ ಇಂಟು ಮೈನಸ್ ಪ್ಲಸ್ ಅನ್ನುವ ಕಡೆ ಮಕ್ಕಳು ಸೋಲುತ್ತಾರೆ. ಸಾಲವನ್ನು ಸಾಲದಿಂದ ಗುಣಿಸುವುದು ಅಂದರೆ ಏನರ್ಥ, ಹೇಳಿ? ಉದಾಹರಣೆಯೇ ಇಲ್ಲಿ ಕೆಲಸ ಮಾಡಲ್ಲ.

ಕೆಆರ್‌ಎಸ್ ಮಟ್ಟ ಕೆಲಸ ಮಾಡುತ್ತದೆ. ಇಲ್ಲಿನ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬೇಸಿಗೆಯಲ್ಲಿ ಮಟ್ಟ ದಿನಕ್ಕೆ 2 ಇಂಚು ಇಳಿಯುತ್ತಿದೆ ಅಂದುಕೊಳ್ಳೋಣ. ಇಳಿಯುವುದರಿಂದ ಅದು ಮೈನಸ್ 2. ಇಂದಿನ ಮಟ್ಟವನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಇನ್ನು ಮೂರು ದಿನಕ್ಕೆ ಎಲ್ಲಿರುತ್ತದೆ? ಇವತ್ತಿಗಿಂತ 6 ಇಂಚು ಕೆಳಗೆ. 3 ಗುಣಿಸು ಮೈನಸ್ 2, ಉತ್ತರ ಮೈನಸ್ 6. ಸರಿ. ಮೂರು ದಿನದ ಹಿಂದೆ ಎಲ್ಲಿತ್ತು? ಹಿಂದಕ್ಕೆ ಹೋಗುವುದರಿಂದ ದಿನಗಳ ಸಂಖ್ಯೆಯೂ ಮೈನಸ್, ಅಂದರೆ ಮೈನಸ್ 3. ನೀರು ಇಳಿಯುತ್ತಾ ಬಂದಿದೆ ಅಂದಮೇಲೆ ಆಗ ಮೇಲೇ ಇರಬೇಕಲ್ಲ! ಇವತ್ತಿಗಿಂತ 6 ಇಂಚು ಮೇಲೆ. ಮೈನಸ್ 3 ಗುಣಿಸು ಮೈನಸ್ 2, ಉತ್ತರ ಪ್ಲಸ್ 6. ಬಾಯಿಪಾಠ ಬೇಡ, ಬೇರೆ ಉತ್ತರ ಬರೋಕೆ ಸಾಧ್ಯವೇ ಇಲ್ಲ.

ಕಟ್ಟೆಯ ಹತ್ತಿರ ಇದ್ದೀವಿ ಅಂದಮೇಲೆ ಎಂಟನೇ ಕ್ಲಾಸಿನವರಿಗೆ ಇನ್ನೊಂದು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಹಾಗಾದರೆ ಎಷ್ಟು ಕ್ಯೂಸೆಕ್ ನೀರು ದಿನಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ? ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ ಸುಮಾರು 11,574 ಕ್ಯೂಸೆಕ್. ಕಾವೇರಿ ಗಲಾಟೆಯ ದಿನಗಳಲ್ಲಿ ಟೀವಿಯಲ್ಲಿ ಬರುವ ಸಂಖ್ಯೆಗಳನ್ನು ಅಪ್ಪನಿಗೆ ಬಿಡಿಸಿ ಹೇಳುವ ಹುಡುಗಿಗೆ ಗಣಿತ ಬೋರು ಅನ್ನಿಸುತ್ತದಾ?

ಇನ್ನು ಎಕ್ಸ್. ಅದಕ್ಕೂ ಮೊದಲು ಒಂದು ಚಿಕ್ಕ ಪರೀಕ್ಷೆ ಇದೆ, ಇವತ್ತೇ ಮಾಡಿ ನೋಡಿ. ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ: 8 + 4 = ಖಾಲಿ ಜಾಗ + 5. ಖಾಲಿ ಜಾಗದಲ್ಲಿ ಏನು ಬರಬೇಕು ಅಂತ ಕೇಳಿ. 12 ಅಂತ ಬರೆಯುವ ಮಕ್ಕಳು ಬಹಳ. ಸರಿ ಉತ್ತರ 7. 12 ಬರೆದ ಮಗುವಿಗೆ ಕೂಡೋಕೆ ಬರುತ್ತದೆ, ಸಮ ಚಿಹ್ನೆ ಗೊತ್ತಿಲ್ಲ. ಸಮ ಅಂದರೆ "ಈಗ ಉತ್ತರ ಬರಿ" ಅಂತ ಅದು ತಿಳಿದುಕೊಂಡಿದೆ. ಎರಡೂ ಕಡೆ ತೂಕ ಒಂದೇ ಅಂತ ತಿಳಿದಿಲ್ಲ. ಇದನ್ನು ಸರಿ ಮಾಡದೆ ಸಮೀಕರಣ ಕಲಿಸಿದರೆ "ಆಚೆ ಹೋದರೆ ಪ್ಲಸ್ ಮೈನಸ್ ಆಗುತ್ತೆ" ಅನ್ನುವ ಮಾಟ ಮಾತ್ರ ಉಳಿಯುತ್ತದೆ. ನಿಜವಾಗಿ ಯಾವುದೂ ಆಚೆ ಹೋಗುವುದಿಲ್ಲ. ಎರಡೂ ಕಡೆಯಿಂದ ಒಂದೇ ಸಂಖ್ಯೆ ಕಳೆಯುತ್ತೇವೆ, ಅಷ್ಟೇ.

ಎಕ್ಸ್ ಅಂದರೆ ಇನ್ನೂ ಗೊತ್ತಿಲ್ಲದ ಸಂಖ್ಯೆ ಅಂತ ಹೇಳುತ್ತೇವೆ. ಅರ್ಧ ಸರಿ. ಬದಲಾಗುವ ಸಂಖ್ಯೆಯೂ ಹೌದು. ಇದಕ್ಕೆ ಕಬ್ಬು ಬೆಳೆಯುವ ಮನೆಯಲ್ಲಿ ಎಲ್ಲರೂ ಆಡುವ ಮಾತೇ ಸಾಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಬೇಕಾದ ಕನಿಷ್ಠ ಕಬ್ಬಿನ ದರ, ಸಕ್ಕರೆ ಇಳುವರಿ (ರಿಕವರಿ) ಶೇ 10.25 ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ 0.1 ಜಾಸ್ತಿಯಾದ ಹಾಗೆಲ್ಲ 3.46 ರೂಪಾಯಿ ಸೇರುತ್ತದೆ. ಮಗುವಿನ ಕೈಲಿ ಸಾಲಾಗಿ ಬರೆಸಿ: 355, 358.46, 361.92, 365.38. ಹಾಗೇ ಮುಂದಕ್ಕೆ. ಐದು ಸಲ ಏರಿದರೆ ಎಷ್ಟು? ಐದು ಸಲ ಕೂಡಬೇಕಿಲ್ಲ, 355ಕ್ಕೆ ಐದು 3.46 ಸೇರಿಸಿದರೆ ಆಯ್ತು, 372.30. ಎನ್ ಸಲ ಏರಿದರೆ? 355 + 3.46ಎನ್. ಎಂಟನೇ ಕ್ಲಾಸಿನ ಮಗು ಈಗಷ್ಟೇ ಹತ್ತನೇ ಕ್ಲಾಸಿನ ಸಮಾಂತರ ಶ್ರೇಢಿ ಬರೆಯಿತು. ಅದಕ್ಕೆ ಗೊತ್ತೇ ಆಗಲಿಲ್ಲ.

ಶೇಕಡಾವೂ ಇಲ್ಲೇ ಸಿಗುತ್ತದೆ. ರಿಕವರಿ ಶೇ 10.25 ಅಂದರೆ ಒಂದು ಟನ್ ಕಬ್ಬಿಗೆ 102.5 ಕೆಜಿ ಸಕ್ಕರೆ. ಶೇ 9.5 ಅಂದರೆ 95 ಕೆಜಿ. ರಿಕವರಿ 10.25ರಿಂದ 9.5ಕ್ಕೆ, ಬರೀ 0.75 ಇಳಿಯಿತು ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಸಕ್ಕರೆ ಕಡಿಮೆಯಾಗಿದ್ದು 102.5ರಲ್ಲಿ 7.5, ಅಂದರೆ ಶೇ 7ಕ್ಕೂ ಜಾಸ್ತಿ.

ಖುಷಿ ಎಲ್ಲಿಂದ ಬರುತ್ತದೆ

ಗಣಿತ ಖುಷಿಯಾಗಬೇಕು ಅಂದರೆ ಹಾಡು, ಆಟ, ಬಣ್ಣದ ಚಾರ್ಟು ಬೇಕು ಅನ್ನುವ ನಂಬಿಕೆ ಇದೆ. ಇರಲಿ, ಬೇಡ ಅನ್ನಲ್ಲ. ಹನ್ನೆರಡು ಹದಿಮೂರು ವಯಸ್ಸಿನವರು ಅದರಿಂದ ಬೇಗ ಬೇಸರ ಪಡುತ್ತಾರೆ. ಆ ವಯಸ್ಸಿಗೆ ಖುಷಿ ಕೊಡುವುದು "ಓ, ಇದಕ್ಕಾ!" ಅನ್ನುವ ಆ ಗಳಿಗೆ. ಸ್ವಲ್ಪ ಒದ್ದಾಡಿದ ಮೇಲೆ ಬಂದರೆ ಇನ್ನೂ ಜಾಸ್ತಿ.

ನಮ್ಮ ನಾಡಿನವರೇ ಒಬ್ಬರು ಇದನ್ನು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಅರಿತಿದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು. ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಥರ ಕಾಣುವ ಗುಣಲಬ್ಧಗಳನ್ನು ಅವರು ಲೆಕ್ಕಗಳಾಗಿ ಕೊಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. ಮಗು ಗುಣಿಸಿ ನೋಡಲಿ. ನೋಡಿ ನಗಲಿ. ಆಮೇಲೆ ಒಂದು ಸುಳಿವು ಕೊಡಿ: 73ನ್ನು 137ರಿಂದ ಗುಣಿಸು. 10001 ಬರುತ್ತದೆ. 152207 ಅಂದರೆ 1111 ಗುಣಿಸು 137. ಈಗ ಎಲ್ಲವೂ ತಾನೇ ಬಿಚ್ಚಿಕೊಳ್ಳುತ್ತದೆ. 1111ನ್ನು 10001ರಿಂದ ಗುಣಿಸಿದರೆ 1111ರ ಪಕ್ಕ ಇನ್ನೊಂದು 1111 ಬಂದು ಕೂರುತ್ತದೆ. ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆದು ನೋಡುವ ಈ ಕಣ್ಣೇ ಹತ್ತನೇ ಕ್ಲಾಸಿನ ವಾಸ್ತವ ಸಂಖ್ಯೆಗಳ ಪಾಠಕ್ಕೆ ಬೇಕಾದದ್ದು.

ಖುಷಿ ಕೆಡಿಸುವ ಮಾತು ಒಂದಿದೆ. "ನಂಗೂ ಗಣಿತ ಬರ್ತಿರಲಿಲ್ಲ, ನಮ್ಮ ವಂಶಕ್ಕೇ ಬರಲ್ಲ ಬಿಡು." ಸಮಾಧಾನ ಮಾಡೋಕೆ ಹೇಳುತ್ತೀರಿ. ಮಗು ಅದನ್ನು ತೀರ್ಪು ಅಂತ ತಗೊಳ್ಳುತ್ತದೆ. ಗಣಿತ ಬರದ ಅಪ್ಪ ಅಮ್ಮಂದಿರೂ ಮಾಡಬಹುದಾದ ಕೆಲಸ ಬೇರೆ ಇದೆ. ಮಗು ಮಾಡಿದ ಒಂದು ಲೆಕ್ಕ ತೋರಿಸಿ "ಇದು ಹೆಂಗೆ ಬಂತು ಹೇಳು ಮಗಾ" ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಉತ್ತರ ಸರಿ ಇದ್ದಾಗಲೂ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳವಾಗುತ್ತದೆ. ವಿವರಿಸುತ್ತಾ ವಿವರಿಸುತ್ತಾ ಅರ್ಧ ತಪ್ಪು ಮಕ್ಕಳಿಗೇ ಸಿಕ್ಕಿಬಿಡುತ್ತದೆ.

ಮಗ್ಗಿ? ಬೇಕು. ಇಪ್ಪತ್ತರವರೆಗೆ ಬಾಯಿಗೆ ಬರಲಿ. ಏಳೆಂಟು ಎಷ್ಟು ಅಂತ ಬೆರಳು ಮಡಿಸುತ್ತಾ ಕೂತರೆ ಲೆಕ್ಕದ ದಾರಿ ತಪ್ಪುತ್ತದೆ. ಆದರೆ ಮಗ್ಗಿ ಬಂದ ಮಾತ್ರಕ್ಕೆ ಗಣಿತ ಬಂತು ಅಂತಲ್ಲ.

ಪರೀಕ್ಷೆಯ ಮಾತು

ಏಳನೇ ಕ್ಲಾಸಿನ ಮಗುವಿಗೆ ಈಗಲೇ ಹತ್ತನೇ ಕ್ಲಾಸಿನ ಪಾಠ ತುಂಬಿಸುವ ಕೋರ್ಸುಗಳು ಬಂದಿವೆ. ನನ್ನನ್ನು ಕೇಳಿದರೆ ಬೇಡವೇ ಬೇಡ. ಅದರ ಬದಲು ದಿನಕ್ಕೆ ಇಪ್ಪತ್ತು ನಿಮಿಷ, ನಾಲ್ಕೈದು ಲೆಕ್ಕ. ಎಲ್ಲವೂ ಒಂದೇ ಪಾಠದ್ದಾಗಿರಬಾರದು. ಇವತ್ತಿನ ಪಾಠದ್ದು ಎರಡು, ಕಳೆದ ತಿಂಗಳದ್ದು ಒಂದು, ಕಳೆದ ವರ್ಷದ್ದು ಒಂದು. ಒಂದೇ ಥರದ ಇಪ್ಪತ್ತು ಲೆಕ್ಕ ಒಟ್ಟಿಗೆ ಮಾಡಿದರೆ ಯಾವ ವಿಧಾನ ಬಳಸಬೇಕು ಅಂತ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಮೊದಲು ಬೇಕಾಗುವುದು ಆ ಯೋಚನೆಯೇ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈಚಿನ ಪತ್ರಿಕೆಗಳಲ್ಲಿ ಒಂದು ಅಂಕದಿಂದ ಐದು ಅಂಕದವರೆಗಿನ ಪ್ರಶ್ನೆಗಳಿವೆ. ದೊಡ್ಡ ಪ್ರಶ್ನೆಗಳಲ್ಲಿ ಹಂತಕ್ಕೆ ಅಂಕ. ಕೊನೆಯ ಉತ್ತರ ತಪ್ಪಿದರೂ ದಾರಿ ಸರಿ ಇದ್ದರೆ ಅಂಕ ಸಿಗುತ್ತದೆ. ಹಂತ ಬರೆಯುವ ಕೈ ಹತ್ತರಲ್ಲಿ ಒಮ್ಮೆಗೇ ಬರುವುದಿಲ್ಲ. ಆರರಿಂದಲೇ ಒಂದು ಸಾಲಿಗೆ ಒಂದು ಹಂತ, ಸಮ ಚಿಹ್ನೆ ಒಂದರ ಕೆಳಗೆ ಒಂದು ಅಂತ ಬರೆಸಿ. 5 + 3 = 8 × 2 = 16 ಅಂತ ಒಂದೇ ಸಾಲಲ್ಲಿ ಎಳೆದುಕೊಂಡು ಹೋಗುವ ಚಾಳಿ ಕಂಡರೆ ಅಲ್ಲೇ ತಡೆಯಿರಿ. 5 + 3 ಯಾವತ್ತೂ 16 ಆಗಲ್ಲ.

ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಎಂಟನೇ ಕ್ಲಾಸಿನಲ್ಲೇ ಒಂದು ಪರೀಕ್ಷೆ ಇದೆ, ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ. ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತದ್ದು. ಮೊದಲ ಪತ್ರಿಕೆಯ ಸಂಖ್ಯಾಸರಣಿಗಳೂ ಗಣಿತದ ಕಣ್ಣಿರುವವರಿಗೆ ಸಲೀಸು. ಹಳೆಯ ಪ್ರಶ್ನೆಪತ್ರಿಕೆ ಬಿಡಿಸೋಕೆ ಎಂಟನೇ ಕ್ಲಾಸಿನ ಮೊದಲ ತಿಂಗಳುಗಳು ಸರಿಯಾದ ಸಮಯ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ಕ್ಲಾಸಿನಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 50. ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಕೊನೆಯ ವಾರದಲ್ಲಿ ನಾಡಕಚೇರಿಗೆ ಓಡುವ ಬದಲು ಎಂಟನೇ ಕ್ಲಾಸಿಗೆ ಸೇರಿಸಿದ ತಿಂಗಳಲ್ಲೇ ಮಾಡಿಸಿಟ್ಟುಕೊಂಡು, ಅರ್ಜಿ ಯಾವಾಗ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿಟ್ಟುಕೊಳ್ಳಿ.